ಎರಡು ಬೆರಳು ಕಮ್ಮಿ

ಮೂರನೇ ಸಲ ಅಳೆದ. ನೆಲದಿಂದ ನೂರ ಇಪ್ಪತ್ತಾರು ಸೆಂಟಿಮೀಟರ್. ಟೇಪಿಗೇನು, ಅದಕ್ಕೆ ದಾಕ್ಷಿಣ್ಯವಿಲ್ಲ.

ಇರಬೇಕಾದದ್ದು ನೂರ ಇಪ್ಪತ್ತು. ಜೈಂಟ್ ವೀಲಿನ ಬಾಗಿಲಲ್ಲಿ ಕೈ ಚಾಚಿ ನಿಂತ ಜೋಕರ್ ಬೋರ್ಡು. ಆ ಕೈಗಿಂತ ಗಿಡ್ಡ ಇರುವ ಮಕ್ಕಳಿಗೆ ಪ್ರವೇಶವಿಲ್ಲ. ಪಾರ್ಕು ಶುರುವಾಗುವ ಮುನ್ನ, ಸೇಫ್ಟಿ ಇಂಜಿನಿಯರ್ ಆಗಿ, ಅವನೇ ಅಳೆದು ಕೂರಿಸಿದ್ದು. ಅಳೆದದ್ದು ಬೋರ್ಡಿನ ಕಂಬದ ಬುಡದ ಪುಟ್ಟ ಕಟ್ಟೆಯ ಮೇಲಿಂದ. ಮಕ್ಕಳು ನಿಲ್ಲುತ್ತಿದ್ದದ್ದು ಕಟ್ಟೆಯ ಕೆಳಗೆ, ಮೂರು ಬೆರಳು ತಗ್ಗಿನಲ್ಲಿ. ಇಷ್ಟು ವರ್ಷ ತಲೆಗೇ ಹೋಗಲಿಲ್ಲ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು!

ಮೊದಲ ದಿನ ಊರಿಗೆ ಊರೇ ಬಂದಿತ್ತು. ಸಾಲಿನಲ್ಲಿ ಅವನ ಏಳು ವರ್ಷದ ಮಗಳು. ಎರಡು ಬೆರಳು ಕಮ್ಮಿ. ಎಲ್ಲರೆದುರು ಅವಳನ್ನು ಹೊರಗೆ ಕಳಿಸಿದ. ಅವಳು ಅತ್ತಳು, ಮಾಲೀಕರು ಮೈಕಿನಲ್ಲಿ ಹೊಗಳಿದರು. ಅಂದಿನಿಂದ ಅವನಿಗೆ 'ಹರಿಶ್ಚಂದ್ರನ ತುಂಡು' ಎಂಬ ಹೆಸರು ಅಂಟಿತು. ಅದು ಅವನಿಗೆ ಹಿತವಾಗಿಯೇ ಇತ್ತು. ಮಗಳು ಮತ್ತೆ ಪಾರ್ಕಿಗೆ ಬರಲಿಲ್ಲ.

ಕ್ರಮೇಣ ಜನರೂ ಬರಲಿಲ್ಲ. ಮಾಲ್‌ಗಳು ಬಂದವು, ನೀರಿನ ಜಾರುಬಂಡೆ ಪಾಚಿಗಟ್ಟಿತು, ಟಿಕೆಟ್ ಕೊಡುವವಳು ನೊಣ ಹೊಡೆಯುತ್ತ ಕುಳಿತಳು. ನಾಳೆ ಎಲ್ಲ ಗುಜರಿಗೆ. ಬೋರ್ಡೊಂದು ತನಗಿರಲಿ ಎಂದು ಮಗಳು ಫೋನಿನಲ್ಲಿ ಕೇಳಿದ್ದಳು. ಬಿಚ್ಚಲು ಬಂದವನು ಸುಮ್ಮನೆ ಬಿಚ್ಚಬಾರದಿತ್ತೇ? ಅಳೆಯುವ ಚಾಳಿ.

ಹಾಗಾದರೆ ಅವಳು ಆವತ್ತು ಗಿಡ್ಡ ಇರಲೇ ಇಲ್ಲ.

"ಇನ್ನೂ ಬಿಚ್ಚಿಲ್ವಾ ಅಪ್ಪ?" ಮಗಳು ತನ್ನ ಪುಟ್ಟಿಯ ಕೈ ಹಿಡಿದು ಬಂದಿದ್ದಳು.

"ಸ್ಕ್ರೂ ತುಕ್ಕು ಹಿಡಿದಿದೆ."

"ಆವತ್ತು ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಉದ್ದ ಆಗ್ಲಿ ಅಂತ ವಾರಗಟ್ಟಲೆ ಬಾಗಿಲಿಗೆ ಜೋತುಬೀಳ್ತಿದ್ದೆ." ನಕ್ಕಳು. "ನಾನೂ ತಾಯಿ ಆದ್ಮೇಲೆ ಅರ್ಥ ಆಯ್ತು. ನೀನು ಮಾಡಿದ್ದೇ ಸರಿ ಬಿಡು."

ಅವನು ಟೇಪನ್ನು ಜೇಬಿಗೆ ಇಳಿಸಿದ. ಹೇಳಿಬಿಡಬೇಕು, ಈಗಲೇ. ಹೇಳಿದರೆ ಈ ನಗು ಹೋಗುತ್ತದೆ, ಹರಿಶ್ಚಂದ್ರನೂ ಹೋಗುತ್ತಾನೆ. ಆಮೇಲೆ ತನ್ನಲ್ಲಿ ಉಳಿಯುವುದೇನು?

"ಬಿಸಿಲು ಜಾಸ್ತಿ," ಎಂದ.

ಪುಟ್ಟಿ ಓಡಿಹೋಗಿ ಜೋಕರಿನ ಕೈಕೆಳಗೆ ನಿಂತಳು. ಅವಳ ಹಿಂದೆ, ತೊಟ್ಟಿಲುಗಳನ್ನೆಲ್ಲ ಕಳಚಿಟ್ಟ ಬರಿ ಚಕ್ರ.

"ತಾತ, ನಾನು ಹೋಗ್ಬಹುದಾ?"

ಟೇಪು ಜೇಬಿನಲ್ಲೇ ಇತ್ತು. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು.

"ಎರಡು ಬೆರಳು ಕಮ್ಮಿ," ಎಂದ.

ಪುಟ್ಟಿ ತುದಿಗಾಲಲ್ಲಿ ನಿಂತಳು. ಕುತ್ತಿಗೆ ಚಾಚಿದಳು. ಉಸಿರು ಬಿಗಿಹಿಡಿದು ಹಾಗೇ ನಿಂತೇ ಇದ್ದಳು.