ಚುಕ್ಕಿಯ ಗರಿ, ಅವ್ವನ ಬುಟ್ಟಿ

ನಮ್ಮ ಮನೆ ಕಾನಸೂರಿನ ಹತ್ತಿರ. ಹಿತ್ತಲಲ್ಲಿ ಐದಾರು ಊರ ಕೋಳಿಗಳಿವೆ. ಭೂಮಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಒಳಗೆಲ್ಲ ಗರಿ. ನಾಯಿ ಹಿಡಿಯಿತೋ, ಕಾಡುಬೆಕ್ಕು ನುಗ್ಗಿತೋ ಎಂದು ಹೆದರಿ ಒಂದೊಂದಾಗಿ ಎಣಿಸಿದೆ. ನೋಡಿದರೆ ಎಲ್ಲ ಕೋಳಿಗಳೂ ಇದ್ದವು. ಕೊನೆಗೆ ಹೊರಗೆ ಬಂದವಳು ಚುಕ್ಕಿ. ಕುತ್ತಿಗೆ ಬೋಳು, ಬೆನ್ನು ಅರ್ಧ ಬೋಳು, ಎದೆಯಲ್ಲಿ ಉಳಿದದ್ದು ನಾಲ್ಕೇ ಗರಿ.

ಚುಕ್ಕಿ ನನ್ನ ಅವ್ವನ ಕೋಳಿ. ಕಪ್ಪು ಮೈ ಮೇಲೆ ಬಿಳಿ ಚುಕ್ಕಿ ಇದ್ದದ್ದಕ್ಕೆ ಆ ಹೆಸರು. ಮೂರು ವರ್ಷದ ಹಿಂದೆ ನನ್ನ ತವರು ಹೇರೂರಿನಲ್ಲಿ ಅವ್ವ ತೀರಿಕೊಂಡಳು. ಕಾರ್ಯ ಎಲ್ಲ ಮುಗಿದ ಮೇಲೆ ಅತ್ತಿಗೆ, "ನಿಂಗೆ ಎಂತ ಬೇಕು ತಗಂಡು ಹೋಗೇ" ಎಂದಳು. ಅಕ್ಕ ಬೆಂಡೋಲೆ ತೆಗೆದುಕೊಂಡಳು. ನಾನು ಚುಕ್ಕಿಯೂ ಸೇರಿ ಎರಡು ಎಳೆ ಹೆಣ್ಣುಕೋಳಿ, ಅಂದರೆ ಹ್ಯಾಟೆಗಳನ್ನು ತೆಗೆದುಕೊಂಡೆ. ಅವ್ವ ಕೋಳಿ ಕಾವಿಗೆ ಕೂರಿಸುತ್ತಿದ್ದ ಬುಟ್ಟಿಯನ್ನೂ, ಅದರಲ್ಲಿ ಹಾಸಿದ್ದ ಅವಳ ಹಸಿರು ಸೀರೆಯ ತುಂಡನ್ನೂ ತೆಗೆದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ನಕ್ಕ. ನಗಲಿ ಬಿಡಿ.

ನಾನು ತವರಿಂದ ಹೊರಟಾಗಲೆಲ್ಲ ಅವ್ವ ಡಬ್ಬಿಯಲ್ಲಿ ಉಮಿ ತುಂಬಿ, ಅದರೊಳಗೆ ಮೊಟ್ಟೆ ಹುಗಿದು ಕೊಡುತ್ತಿದ್ದಳು. ಮನೆಗೆ ಬಂದು ಉಮಿಯಲ್ಲಿ ಕೈಯಾಡಿಸಿ ಒಂದೊಂದೇ ಮೊಟ್ಟೆ ಹುಡುಕುವಾಗ ಅವಳ ಕೈ ಸಿಕ್ಕಿದ ಹಾಗಾಗುತ್ತಿತ್ತು. ಈಗ ಹೇರೂರಿಗೆ ಹೋದರೆ ಅಣ್ಣ ಅತ್ತಿಗೆ ಚೆನ್ನಾಗಿಯೇ ಮಾತಾಡಿಸುತ್ತಾರೆ, ಬಡಿಸುತ್ತಾರೆ. ಆದರೆ ಅಂಗಳಕ್ಕೆ ಸಿಮೆಂಟು ಹಾಕಿಸಿದ್ದಾರೆ, ಕೋಳಿಗೂಡು ತೆಗೆಸಿದ್ದಾರೆ. "ಬಾ ಬಾ ಬಾ" ಎಂದು ಕೋಳಿ ಕರೆಯುವವರಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತುತ್ತೇನೆ.

ತಂದ ಎರಡು ಹ್ಯಾಟೆಗಳಲ್ಲಿ ಒಂದು ಕಳೆದ ವರ್ಷ ಸತ್ತಿತು. ಅದೂ ಇದೇ ತಿಂಗಳು, ಹೀಗೇ ಗರಿ ಉದುರಿಸಿಕೊಂಡು. ಚುಕ್ಕಿಗೆ ಈವರೆಗೆ ಅಲ್ಲೊಂದು ಇಲ್ಲೊಂದು ಗರಿ ಉದುರಿದ್ದಷ್ಟೇ. ಹಾಗಾಗಿ ಅದರ ಬೋಳು ಕುತ್ತಿಗೆ ಕಂಡು ಇದೂ ಹೋಗುತ್ತದೆ ಎಂದುಕೊಂಡೆ.

ನನ್ನ ಗಂಡ ನಾಗಪತಿ ಚಾ ಲೋಟ ಹಿಡಿದು ಬಂದರು. ಅವರಿಗೆ ಎಲ್ಲ ಗೊತ್ತು. ಗೊತ್ತಿಲ್ಲದ್ದೂ ಗೊತ್ತು.

"ಕೋಳಿಗೆ ಹೇನು ಬಿದ್ದದೆ ಕಣೇ. ಮೊಟ್ಟೆ ಇಡದೂ ಬಿಟ್ಟದೆ. ಹೋದ ವರ್ಷದ್ದೇ ಕಥೆ."

"ಎಂತ ಮಾಡನ ಈಗ?"

"ಗದ್ದೆಗೆ ಹೊಡ್ದ ಔಷಧಿ ಉಳ್ದದೆ. ಒಂದು ಬಕೇಟು ನೀರಿಗೆ ಎರಡು ಮುಚ್ಚಳ ಹಾಕಿ ಮುಳುಗಿಸಿ ತೆಗದ್ರೆ ಆತು. ಇಲ್ಲದಿದ್ರೆ ಸಾರು ಮಾಡು. ಇದನ್ನ ಚೌಡಿಗೆ ಬಲಿ ಕೊಟ್ರೂ ಚೌಡಿ ಬೇಡ ಅಂತಾಳೆ."

ನನಗೆ ಸಿಟ್ಟು ಬಂತು. ಆದರೂ ಬಕೇಟಿಗೆ ನೀರು ತುಂಬಿದವಳು ನಾನೇ. ಬೇರೆ ದಾರಿ ಗೊತ್ತಿರಲಿಲ್ಲವಲ್ಲ! ಅಷ್ಟರಲ್ಲಿ ಬೇಲಿಯ ದಣಪೆ ದಾಟಿ ಮಮತಾ ಬಂದಳು. ಅವಳು ನಮ್ಮ ಮಹಿಳಾ ಸಂಘದವಳೇ. ಪಶುಸಖಿ ತರಬೇತಿ ಮುಗಿಸಿ ಮನೆಮನೆಯ ದನ, ಕುರಿ, ಕೋಳಿ ನೋಡಿಕೊಂಡು ಹೋಗುತ್ತಾಳೆ. ಔಷಧಿ ಬಾಟಲಿ ಕಂಡವಳೇ ಅಲ್ಲಿಯೇ ನಿಂತಳು.

"ದುರ್ಗಕ್ಕ, ಅದನ್ನ ಕೆಳಗೆ ಇಡು ಮೊದ್ಲು. ಭಾವ, ಇದು ಬೆಳೆಗೆ ಹೊಡೆಯೂ ವಿಷ. ಕೋಳಿ ಚರ್ಮಕ್ಕೆ ತಾಗಿದ್ರೂ ಒಳಗೆ ಹೋಗ್ತದೆ, ಕೊಕ್ಕಲ್ಲಿ ಗರಿ ತೀಡ್ಕಂಡ್ರೂ ಹೊಟ್ಟೆಗೆ ಹೋಗ್ತದೆ."

"ಹಂಗಾರೆ ಹೇನು ಹೋಗೂದು ಹೆಂಗೆ?" ಎಂದರು ಇವರು.

"ಹೇನು ಇದ್ರೆ ಅಲ್ದಾ ಹೋಗೂದು? ನೋಡನ ತಡೀರಿ."

ಮಮತಾ ಚುಕ್ಕಿಯನ್ನು ಮೆಲ್ಲಗೆ ಹಿಡಿದು ಮಡಿಲಲ್ಲಿ ಕೂರಿಸಿಕೊಂಡಳು. ರೆಕ್ಕೆ ಎತ್ತಿ ಅಡಿಯಲ್ಲಿ ನೋಡಿದಳು. ಬಾಲದ ಕೆಳಗೆ, ಹಿಕ್ಕೆ ಹಾಕುವ ಜಾಗದ ಸುತ್ತ ಊದಿ ಊದಿ ನೋಡಿದಳು.

"ಬಾ ಇಲ್ಲಿ, ನೀನೇ ನೋಡು. ಹೇನಿದ್ರೆ ಇಲ್ಲಿ ಓಡಾಡ್ತಿರ್ತವೆ. ಗರಿ ಬುಡದಲ್ಲಿ ಬಿಳಿ ಮೊಟ್ಟೆ ಗುಂಪು ಗುಂಪಾಗಿ ಅಂಟ್ಕಂಡಿರ್ತದೆ. ಎಂತಾದ್ರೂ ಕಾಣ್ತದ?"

ಏನೂ ಕಾಣಲಿಲ್ಲ. ಚರ್ಮ ಶುಭ್ರವಾಗಿತ್ತು. ಬೋಳು ಕುತ್ತಿಗೆಯ ತುಂಬ ಸಣ್ಣ ಸಣ್ಣ ಕಡ್ಡಿಯಂಥವು ಮೂಡಿದ್ದವು, ಸಸಿಮಡಿಯಲ್ಲಿ ಭತ್ತ ಮೊಳೆತ ಹಾಗೆ.

"ಇದು ಹೊಸ ಗರಿ. ಹಳೇದು ಉದುರಿ ಹೊಸದು ಬರ್ತಿದೆ. ವರ್ಷ ತುಂಬಿದ ಕೋಳಿ ಮಳೆಗಾಲ ಮುಗಿದು ಹಗಲು ಸಣ್ಣ ಆಗ್ತಿದ್ದಂಗೆ ಗರಿ ಬದಲು ಮಾಡ್ತದೆ. ಮೊದ್ಲು ತಲೆ ಕುತ್ತಿಗೆ, ಆಮೇಲೆ ಬೆನ್ನು ಎದೆ, ಕೊನೆಗೆ ರೆಕ್ಕೆ ಬಾಲ. ಆಗ ತಿಂದದ್ದೆಲ್ಲ ಗರಿಗೇ ಹೋಗ್ತದೆ, ಮೊಟ್ಟೆ ಇಡೂದಿಲ್ಲ. ಎರಡು ಮೂರು ತಿಂಗಳು ಬೇಕು. ಕಾಳು ಹಾಕಿದ್ರೆ ಓಡಿ ಬರ್ತದ?"

"ಎಲ್ಲರಿಗಿಂತ ಮೊದ್ಲು ಬರ್ತದೆ."

"ಮತ್ತೆಂತ ರೋಗ ಅದಕ್ಕೆ?"

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಕಳೆದ ವರ್ಷದ್ದು ನೆನಪಾಯಿತು. ಆ ಇನ್ನೊಂದು ಹ್ಯಾಟೆಯೂ ಬೆಳಿಗ್ಗೆ ಓಡಿ ಬಂದು ನನ್ನ ಕೈಯಿಂದಲೇ ಕಾಳು ತಿಂದಿತ್ತು. ಆಮೇಲೆ ನಾವು ಅದನ್ನು ಔಷಧಿ ನೀರಲ್ಲಿ ಮುಳುಗಿಸಿದೆವು. ಸಂಜೆ ಅದು ಕುತ್ತಿಗೆ ವಾಲಿಸಿ ಬಿದ್ದಿತ್ತು. ಹೇನು ಕಚ್ಚಿ ಸತ್ತಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

"ಹಂಗಾರೆ ಅದನ್ನ ಕೊಂದದ್ದು ನಾನೇ ಅಲ್ದನೇ ಮಮತಾ?"

ಅವಳು ಔಷಧಿ ಬಾಟಲಿ ಎತ್ತಿ ದೂರ ಇಟ್ಟಳು. ನನ್ನ ಗಂಡ ಬಕೇಟು ಎತ್ತಿಕೊಂಡು ಅತ್ತ ಹೋದರು. 

ಮಮತಾ ನನ್ನ ಕೈ ನೋಡಿ ಕೇಳಿದಳು. "ದುರ್ಗಕ್ಕ, ನೀ ಎಂತಕ್ಕೆ ಕೈ ತುರಿಸ್ಕಳ್ತಾ ಇದೀಯೆ?"

"ಕೆಂಪಿಗೆ ಕಾಳು ಹಾಕಿ ಬಂದೆ. ಬುಟ್ಟಿ ಹತ್ರ ಹೋದ್ರೆ ಹಿಂಗೇ ಮೈ ನವೆ."

ಕೆಂಪಿ ಚುಕ್ಕಿಯ ಮಗಳು. ಕೊಟ್ಟಿಗೆ ಮೂಲೆಯಲ್ಲಿ, ಅವ್ವನ ಬುಟ್ಟಿಯಲ್ಲಿ, ಹನ್ನೊಂದು ಮೊಟ್ಟೆಯ ಮೇಲೆ ಕಾವು ಕೂತಿದ್ದಳು. ಆ ಮೊಟ್ಟೆಗಳು ಚುಕ್ಕಿಯವು, ಗರಿ ಉದುರುವ ಮೊದಲು ಇಟ್ಟ ಕೊನೆಯವು. ಕೆಂಪಿಯ ಗರಿ ಒಂದೂ ಉದುರಿರಲಿಲ್ಲ. ಮದುಮಗಳ ಹಾಗಿದ್ದಳು. ಆದರೆ ಎರಡು ದಿನದಿಂದ ಪದೇ ಪದೇ ಎದ್ದು ಹೊರಗೆ ಬರುತ್ತಿದ್ದಳು. ಸೋಮಾರಿ ಎಂದು ನಾನು ಬೈದು ಬೈದು ಕೂರಿಸುತ್ತಿದ್ದೆ.

ಮಮತಾ ಹೋಗಿ ನೋಡಿದಳು. "ಜುಟ್ಟು ನೋಡು, ಬೆಳ್ಳಗೆ ಬಿಳುಚಿದೆ." ಎದೆ ಮುಟ್ಟಿ ನೋಡಿದಳು, ಮೂಳೆ ಕೈಗೆ ಚುಚ್ಚಿತು. ಆಮೇಲೆ ಬಿಳಿ ಬಟ್ಟೆ ಕೇಳಿದಳು. ಬುಟ್ಟಿಯ ಅಂಚಿನಲ್ಲಿ, ಹೆಣಿಗೆಯ ಸಂದಿಯಲ್ಲಿ ಒತ್ತಿ ಒರೆಸಿ ತೋರಿಸಿದಳು. ಬಟ್ಟೆಯ ಮೇಲೆ ಕೆಂಪು ಗೀರು. ರಕ್ತ.

"ಇದು ಕೆಂಪು ನುಸಿ. ನಾವು ಇದಕ್ಕೂ ಕೋಳಿಹೇನು ಅಂತೇ ಕರೀತೇವೆ. ಹಗಲು ಸಂದಿಯಲ್ಲಿ ಅಡಗಿರ್ತದೆ, ಕತ್ತಲಾದ ಮೇಲೆ ಬಂದು ರಕ್ತ ಹೀರ್ತದೆ. ಗರಿ ಉದುರಿದ್ದಕ್ಕೆ ನೀವು ಹೆದರಿದ್ರಿ. ರೋಗ ಇದ್ದದ್ದು ಚೆಂದ ಕಾಣೂ ಕೆಂಪಿಗೆ."

"ಈಗೆಂತ ಮಾಡದೇ?"

"ಹುಲ್ಲು, ಬಟ್ಟೆ ಎಲ್ಲ ಸುಡೂದು. ಬುಟ್ಟಿಗೆ ಸಗಣಿ ಮೇಲೆ ಸಗಣಿ ಮೆತ್ತಿ ಪದರ ಎದ್ದದೆ, ಒಳಗೆಲ್ಲ ನುಸಿ. ಬಿಸಿ ನೀರು ಹೊಯ್ದ್ರೂ ತಲುಪೂದು ಕಷ್ಟ. ಬುಟ್ಟಿನೂ ಸುಟ್ಬಿಡು."

ನಾನು ಬುಟ್ಟಿ ಹಿಡಿದುಕೊಂಡೆ. ಮೂರು ವರ್ಷದಿಂದ ಅದನ್ನು ಬಿಸಿಲಿಗೆ ಹಾಕಿರಲಿಲ್ಲ, ತೊಳೆದಿರಲಿಲ್ಲ. ಸಗಣಿಯ ಮೇಲೆ ಅವ್ವನ ಬೆರಳಚ್ಚು ಹಾಗೇ ಇತ್ತು. ತೊಳೆದರೆ ಹೋಗುತ್ತದೆ ಎಂದೇ ತೊಳೆದಿರಲಿಲ್ಲ.

"ಇದು ಅವ್ವಂದು ಕಣೇ," ಎಂದೆ. 

ಮಮತಾ ಹತ್ತಿರ ಬಂದು ಕೂತಳು. "ನಿನ್ನ ಅವ್ವ ಇದ್ದಿದ್ರೆ ಬುಟ್ಟಿ ಉಳಸ್ಕತಿದ್ಲಾ, ಕೋಳಿ ಉಳಸ್ಕತಿದ್ಲಾ?"

ಅವ್ವ ಒಂದು ಮರಿ ಕಾಗೆ ಪಾಲಾದರೂ ಆ ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ. ನಾನೇ ಎದ್ದು ಬೆಂಕಿಪೆಟ್ಟಿಗೆ ತಂದೆ. ಹಸಿರು ಸೀರೆ ಬೇಗ ಹತ್ತಿಕೊಂಡಿತು, ಆಮೇಲೆ ಬುಟ್ಟಿ. ಹೊಗೆ ಬಂತು ಎಂದು ಹೇಳಿ ಕಣ್ಣೊರೆಸಿಕೊಂಡೆ. ಹೊಗೆ ಅಷ್ಟೇನೂ ಇರಲಿಲ್ಲ.

ನನ್ನ ಗಂಡ ಹಳೆಯ ಕಬ್ಬಿಣದ ಬಾಂಡಲಿ ತಂದು ಉಜ್ಜಿ ತೊಳೆದರು. ಅದರಲ್ಲಿ ನುಸಿ ಅಡಗಲು ಸಂದಿ ಇಲ್ಲ. ಹೊಸ ಹುಲ್ಲು ಹಾಸಿ ಮೊಟ್ಟೆ ಇಟ್ಟೆವು. ಗೂಡಿನ ಹಲಗೆಗಳ ಮೇಲೆ ಕುದಿಯುವ ನೀರು ಹೊಯ್ದು ಬಿಸಿಲಿಗೆ ಒಣಗಿಸಿದೆವು. ಪಶು ಆಸ್ಪತ್ರೆಯ ಡಾಕ್ಟರು ಕೊಟ್ಟ ಔಷಧಿಯನ್ನು ಅವರು ಹೇಳಿದಷ್ಟೇ ಹಚ್ಚಿದೆವು. ನುಸಿಯ ಮೊಟ್ಟೆ ಮತ್ತೆ ಒಡೆಯುತ್ತದಂತೆ, ಅದಕ್ಕೆ ಅವರು ಹೇಳಿದ ದಿನಕ್ಕೆ ಇನ್ನೊಮ್ಮೆ ಹಚ್ಚಿದೆವು. ಹಿತ್ತಲಲ್ಲಿ ಬೂದಿ, ಒಣಮಣ್ಣು ಕಲಸಿ ಕೋಳಿಗಳಿಗೆ ಹೊರಳಾಡಲು ಗುಂಡಿ ಮಾಡಿದೆವು. ಚುಕ್ಕಿಗೆ ದಿನಾ ಒಂದು ಹಿಡಿ ನೆನೆಸಿದ ಹುರುಳಿ, ಒಣಮೀನಿನ ತಲೆ, ಸಿಕ್ಕಿದ ದಿನ ಗೆದ್ದಲು. ಹೊಸ ಗರಿ ಮುಟ್ಟಿದರೆ ನೋವಾಗುತ್ತದೆ ಎಂದು ಎತ್ತಿಕೊಳ್ಳುವುದನ್ನೂ ಬಿಟ್ಟೆ. ಅದೊಂದು ನನಗೆ ಕಷ್ಟವಾಯಿತು.

ಹನ್ನೊಂದರಲ್ಲಿ ಏಳು ಮರಿ ಆದವು. ಎರಡಕ್ಕೆ ಬಿಳಿ ಚುಕ್ಕಿ ಇದೆ. ದೀಪಾವಳಿ ಕಳೆದು ಒಂದೂವರೆ ತಿಂಗಳಾಗುವಷ್ಟರಲ್ಲಿ ಚುಕ್ಕಿಯ ಮೈತುಂಬ ಹೊಸ ಗರಿ, ಮೊದಲಿಗಿಂತ ಕಪ್ಪು. ನನ್ನ ಗಂಡ, "ಈಗ ಚೌಡಿಗೆ ಕೊಡ್ಲಕ್ಕು" ಎಂದರು. ಸೌಟು ಎತ್ತಿದೆ, ನಗುತ್ತಾ ಓಡಿದರು.

ಸಂಕ್ರಾಂತಿ ಕಳೆದ ಮೇಲೆ ಚುಕ್ಕಿ ಮತ್ತೆ ಮೊಟ್ಟೆ ಇಟ್ಟಳು. ಐದು ಮೊಟ್ಟೆ ಕೂಡಿದಾಗ ಡಬ್ಬಿಗೆ ಉಮಿ ತುಂಬಿ, ಹುಗಿದು, ಹೇರೂರಿಗೆ ಹೋದೆ. ಅಣ್ಣ ಉಮಿಯೊಳಗೆ ಕೈ ಹಾಕಿದವನು ಒಂದು ಗಳಿಗೆ ಕೈ ತೆಗೆಯಲೇ ಇಲ್ಲ. 

ಅಕ್ಕಂದಿರೇ, ತಂಗಿಯರೇ, ನಿಮ್ಮ ಹಿತ್ತಲಲ್ಲೂ ಗರಿ ಉದುರಿರಬಹುದು. ಗಾಬರಿ ಬೇಡ, ಆದರೆ ಉದಾಸೀನವೂ ಬೇಡ. ಕೋಳಿಯನ್ನು ಹಿಡಿದು ರೆಕ್ಕೆಯಡಿ, ಬಾಲದಡಿ ನೋಡಿ. ಹೊಸ ಗರಿ ಮೊಳೆತಿದ್ದು, ಕೋಳಿ ಚುರುಕಾಗಿ ಮೇಯುತ್ತಿದ್ದರೆ ಅದಕ್ಕೆ ಒಳ್ಳೆ ತಿಂಡಿ ಕೊಟ್ಟು ಅದರ ಪಾಡಿಗೆ ಬಿಡಿ. ಹುಳ ಓಡಾಡಿದರೆ, ಜುಟ್ಟು ಬಿಳುಚಿದರೆ, ಗೂಡು ಒರೆಸಿದ ಬಟ್ಟೆ ಕೆಂಪಾದರೆ ಅದೇ ದಿನ ಪಶುಸಖಿಗೋ ಪಶು ಆಸ್ಪತ್ರೆಗೋ ತಿಳಿಸಿ. ಗದ್ದೆಯ ಔಷಧಿಯನ್ನು ಮಾತ್ರ ಕೋಳಿಯ ಹತ್ತಿರ ಒಯ್ಯಬೇಡಿ. ನಾನು ಒಯ್ದಿದ್ದೆ. ಅವ್ವ ಸಾಕಿದ ಆ ಇನ್ನೊಂದು ಹ್ಯಾಟೆ ಇನ್ನು ನನ್ನ ಕೈಯಿಂದ ಕಾಳು ತಿನ್ನುವುದಿಲ್ಲ.