ಮೂರನೆಯ ಗಂಟೆ

ಏನು ಕೇಳಿದರೂ ಗಂಟೆಯಣ್ಣನದು ಒಂದೇ ಉತ್ತರ: "ತಾಳಿ, ಅವಳನ್ನ ಕೇಳ್ಕೊಂಡು ಬರ್ತೀನಿ."

ಚರ್ಚಿನ ಗಂಟೆ ಬಾರಿಸಿ, ನೆಲ ಗುಡಿಸಿ, ಹಿಂಬದಿಯ ಒಂಟಿ ಕೋಣೆಯಲ್ಲಿ ಬಾಳುತ್ತಿದ್ದ ಆತ, ಹೊಸ ಹಗ್ಗ ಬೇಕೇ ಎಂದರೂ, ಚಹಾ ಕುಡಿಯುತ್ತೀಯಾ ಎಂದರೂ, ಎಡಕ್ಕೆ ವಾಲುತ್ತ ಆ ಕೋಣೆಗೆ ಹೋಗಿ ಬರುತ್ತಿದ್ದ. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಹೆಂಡತಿಯನ್ನು ಏಳು ವರ್ಷ ಎಡಹೆಗಲಿನ ಮೇಲೆ ಎತ್ತಿ ಇಳಿಸಿ ಬಂದ ವಾಲು ಅದು.

"ಹೆಂಡ್ತಿ ಅಪ್ಪಣೆ ಇಲ್ದೆ ಸೀನೋದೂ ಇಲ್ಲ ಇವ್ನು," ಎಂದು ಸಾಮಿಲ್ಲಿನ ಯಜಮಾನರು ಚುಚ್ಚುತ್ತಿದ್ದರು.

"ಸೀನಿದ್ರೆ ಅವಳಿಗೆ ಎಚ್ಚರ ಆಗುತ್ತಲ್ಲ, ಅಯ್ಯಾ."

ಯಾರ ಮದುವೆಗಾದರೂ ಅವನು ತನ್ನ ಮದುವೆಯ ಕೋಟನ್ನೇ ತೊಟ್ಟು ಹಗ್ಗದ ಬಳಿ ನಿಲ್ಲುತ್ತಿದ್ದ. ಎಡಹೆಗಲು ಸವೆದು ಹೊಳೆಯುತ್ತಿದ್ದ ಆ ಕೋಟು ನೋವಿನೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಸಭೆಯು, ಎಂದರೆ ನಂಬಿದವರ ಕೂಟವು, ಕ್ರಿಸ್ತನ ಮದಲಗಿತ್ತಿ, ಆಕೆಗಾಗಿ ಆತ ಪ್ರಾಣವನ್ನೇ ತೆತ್ತ, ಗಂಡನಾದವನೂ ಹಾಗೆಯೇ ಪ್ರೀತಿಸಲಿ ಎಂದು ಪಾದ್ರಿಗಳು ಬೋಧಿಸುವಾಗ ನಮ್ಮೆಲ್ಲರ ಮೂಗು ಊಟದ ಚಪ್ಪರದ ಕಡೆಗಿರುತ್ತಿತ್ತು. ಅವನೊಬ್ಬ ಮಾತ್ರ, ನಾಳೆಯ ಕೆಲಸ ಕೇಳಿಸಿಕೊಳ್ಳುವ ಆಳಿನಂತೆ, ಮಾತುಮಾತಿಗೂ ತಲೆಯಾಡಿಸುತ್ತಿದ್ದ.

ಮೂರನೆಯ ಗಂಟೆ ಬೀಳದೆ ಮದಲಗಿತ್ತಿ ಹೊಸ್ತಿಲು ದಾಟಬಾರದೆಂಬುದು ನಮ್ಮ ಚರ್ಚಿನ ಕಟ್ಟಳೆ. ಯಜಮಾನರ ಮಗಳ ಮದುವೆಯ ದಿನ ಎರಡು ಬಿದ್ದವು, ಮೂರನೆಯದು ಬೀಳಲಿಲ್ಲ. ಹದಿನೈದು ನಿಮಿಷ ಹುಡುಗಿ ಬಿಸಿಲಿನಲ್ಲಿ ನಿಂತಳು. ಆಮೇಲೆ ಗಂಟೆಯಣ್ಣ ಒದ್ದೆ ತೋಳಿನಲ್ಲಿ ಓಡಿಬಂದು ಹಗ್ಗ ಹಿಡಿದ.

ಮರುದಿನ ಹಿರಿಯರ ಕೂಟ ಸೇರಿತು. ಯಜಮಾನರು ಮೇಜು ಗುದ್ದಿದರು. "ಮದಲಗಿತ್ತೀನ ಬಾಗಿಲಲ್ಲಿ ನಿಲ್ಲಿಸಿದ್ಯಲ್ಲೋ, ಎಲ್ಲಿ ಸತ್ತಿದ್ದೆ?"

"ನನ್ನ ಮದಲಗಿತ್ತಿ ಹಾಸಿಗೆ ಒದ್ದೆ ಮಾಡ್ಕೊಂಡು ಅಳ್ತಾ ಇದ್ಳು, ಅಯ್ಯಾ. ತೊಳೀತಿದ್ದೆ. ಪಾದ್ರಿಗಳು ಹೇಳೋದೂ ಅದೇ ಅಲ್ವಾ?"

ಪಾದ್ರಿಗಳು ಕನ್ನಡಕ ಒರೆಸಿಕೊಂಡರು.

ನಾನು ಬಡಗಿ. ಶಾಲೆಯ ಮುಖ ಕಾಣದೆ, ಉಳಿ ಹಿಡಿದ ಬೆರಳನ್ನೇ ಸತ್ಯವೇದದ ಸಾಲುಗಳ ಮೇಲೆ ಓಡಿಸಿ ಅಕ್ಷರ ಕಲಿತವನು. ಆ ಬಲದಿಂದಲೇ ಹಿರಿಯರ ಸಾಲಿನಲ್ಲಿ ಕುರ್ಚಿ ಪಡೆದವನು. ಮದಲಗಿತ್ತಿಯ ಆ ವಚನ ನನಗೆ ಬಾಯಿಪಾಠ. ಆದರೆ ನನಗೆ ಮರ ಬರುವುದು ಯಜಮಾನರ ಸಾಮಿಲ್ಲಿನಿಂದ. ಗಂಟೆಯಣ್ಣನನ್ನು ಕೆಲಸದಿಂದ ತೆಗೆದು ಕೋಣೆ ಬಿಡಿಸಲು ಒಪ್ಪುವವರು ಕೈಯೆತ್ತಿ ಎಂದರು ಯಜಮಾನರು. ಹಂಗಿನ ಕೈ ಬಲು ಬೇಗ ಏಳುತ್ತದೆ, ನನ್ನದೂ ಎದ್ದಿತು.

ಮುಂದಿನ ಭಾನುವಾರ, ಒಳಗೆ ಆರಾಧನೆ ನಡೆದಿರುವಾಗ, ಅದೇ ಕೋಟು ತೊಟ್ಟು, ಹೆಂಡತಿಯನ್ನು ಹೆಗಲಿಗೇರಿಸಿ ಅವನು ಹೊರಟ. ಬಾಗಿಲಲ್ಲಿದ್ದ ನನಗೆ ಸುಮ್ಮನಿರಲಾಗಲಿಲ್ಲ.

"ಎಲ್ಲಿಗೆ ಹೋಗ್ತೀಯಣ್ಣಾ?"

"ತಾಳಿ," ಎಂದು ಕತ್ತು ಹೊರಳಿಸಿದ, "ಅವಳನ್ನ ಕೇಳ್ಬೇಕು."

ಇಂಥವರ ಕೇಡು ಒಂದೇ: ಪೀಠದಿಂದ ಹೇಳಿದ್ದನ್ನು ನಿಜವೆಂದು ನಂಬಿ ಮನೆಗೆ ಹೊತ್ತೊಯ್ಯುತ್ತಾರೆ. ನಾವು ಜಾಣರು, ಕೇಳಿದ್ದನ್ನೆಲ್ಲ ಬೆಂಚಿನ ಮೇಲೆಯೇ ಬಿಟ್ಟು ಏಳುತ್ತೇವೆ. ಆ ಬೆಂಚುಗಳನ್ನು ಮಾಡಿದವನು ನಾನೇ. ಇನ್ನೂ ಗಟ್ಟಿಯಾಗಿವೆ.