ಗಡ್ಡದೊಳಗಿನ ಹರಳು

ಜೇನಿನ ಬಣ್ಣದ ಪಾಕವಿದ್ದ ಗುಂಡು ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅದರೊಳಗೆ ಇಡೀ ಊರು ತಲೆಕೆಳಗಾಗಿ ಕಾಣುತ್ತಿತ್ತು: ಗಡಿಯಾರದ ಗೋಪುರ, ಕೆರೆಯ ಏರಿ, ವಿಶ್ವವಿದ್ಯಾಲಯದ ಹುಣಸೆಮರ. ನನ್ನ ಯೌವನದ ಅತ್ಯುತ್ತಮ ಭಾಗವನ್ನು ಆ ತಲೆಕೆಳಗಾದ ಊರನ್ನು ನೋಡುತ್ತ ಕಳೆದೆ. ಪಾಕ ಹರಳುಗಟ್ಟಬೇಕಿತ್ತು, ಗಟ್ಟಲಿಲ್ಲ. ಬೆಟ್ಟಗಳು ಸವೆದು ಬಯಲಾಗುವಷ್ಟು ಕಾಲ ಕಾದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದರಲ್ಲಿ ಅರ್ಧವನ್ನಾದರೂ ನಂಬಬೇಕು.

ಆಗ ನಾನು ಔಷಧ ರಸಾಯನಶಾಸ್ತ್ರದ ವಿದ್ಯಾರ್ಥಿ. ಆ ವಿದ್ಯೆಯಲ್ಲಿ ನನ್ನಂಥ ಬುದ್ಧಿವಂತ ಆ ವಿಭಾಗದ ಮೆಟ್ಟಿಲನ್ನು ಅದಕ್ಕೆ ಮೊದಲು ಹತ್ತಿರಲಿಲ್ಲ, ಆಮೇಲೂ ಹತ್ತಿಲ್ಲ. ಚಳಿಜ್ವರಕ್ಕೆ ಕೊಡುತ್ತಿದ್ದ ಹಳೆಯ ಕಹಿ ಔಷಧಿಯೊಂದರ ಅಣುವಿಗೆ ಬೇರೆ ಬೇರೆ ಬಾಲ ಜೋಡಿಸುವುದು, ಜ್ವರ ಮೊದಲಿಗಿಂತ ಬೇಗ ಇಳಿಯುವುದೇ, ಅದನ್ನು ನುಂಗಿದ ರೋಗಿಯ ಕಿವಿಯಲ್ಲಿ ಏಳುವ ಗುಂಯ್‌ಗುಟ್ಟುವ ಸದ್ದು ಕಡಿಮೆಯಾಗುವುದೇ ಎಂದು ಪರೀಕ್ಷೆಗೆ ಕಳಿಸುವುದು, ಇದು ನಮ್ಮ ಕೆಲಸ. ನಾನು ಅಣುಗಳ ಚಿತ್ರ ಬರೆಯುವ ವೇಗ ಕಂಡು ಸೀಮೆಸುಣ್ಣಕ್ಕೇ ತಲೆಸುತ್ತು ಬರುತ್ತಿತ್ತು.

ನಮ್ಮ ಗುರುಗಳು ಪ್ರೊಫೆಸರ್ ಪದ್ಮನಾಭಯ್ಯ. ಬಿಳಿ ಪಂಚೆಯ ಮೇಲೆ ಕಪ್ಪು ಕೋಟು, ನಿತ್ಯ ನುಣ್ಣಗೆ ಬೋಳಿಸಿದ ಮುಖ. ಹೊಸ ವಸ್ತು ಎಷ್ಟೇ ಶುದ್ಧವಾಗಿರಲಿ, ಪಾಕದ ರೂಪದಲ್ಲಿದ್ದರೆ ಅವರು ಅದನ್ನು ಹುಟ್ಟಿದೆಯೆಂದೇ ಒಪ್ಪುತ್ತಿರಲಿಲ್ಲ. ಹರಳು ತಂದು ತೋರಿಸಿದ ದಿನ ಮಾತ್ರ ಕಪ್ಪುಹಲಗೆಯ ಮೂಲೆಯಲ್ಲಿ ಅದರ ಸಂಖ್ಯೆಯನ್ನೂ ಪಕ್ಕದಲ್ಲಿ ಮಾಡಿದವರ ಹೆಸರನ್ನೂ ಬರೆಯುತ್ತಿದ್ದರು. ಮುಖ್ಯವೆನಿಸಿದ ವಸ್ತುವನ್ನು ಇಬ್ಬರಿಂದ ಬೇರೆಬೇರೆಯಾಗಿ ಮಾಡಿಸುವುದು ಅವರ ಪದ್ಧತಿ. ಆ ವರ್ಷ ಅವರ ಕೈಯಲ್ಲಿ ಸಂಶೋಧನೆಯ ಸೀಟು ಇದ್ದದ್ದು ಒಂದೇ. ಯಾರು ಮೊದಲು ಹರಳು ತೋರಿಸುತ್ತಾರೋ ಸೀಟು ಅವರಿಗೆ ಎಂದುಬಿಟ್ಟರು. ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬಳು ನೀಲಗಂಗಾ.

ನೀಲಗಂಗಾ ಬಡಗಣ ಸೀಮೆಯವಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬರುತ್ತಿದ್ದಳು. ಮಾತು ಕಡಿಮೆ, ಆಡಿದರೆ ಚುಚ್ಚು. ನಾನು ಹಚ್ಚಿದರೆ ಕೆಮ್ಮುವ ಬರ್ನರ್ ಅವಳು ಹಚ್ಚಿದರೆ ನೀಲಿ ಜ್ವಾಲೆಯಾಗಿ ನೆಟ್ಟಗೆ ನಿಲ್ಲುತ್ತಿತ್ತು. ನನ್ನ ಕೈಯಲ್ಲಿ ಹರಿಯುವ ಸೋಸುಕಾಗದ ಅವಳ ಕೈಯಲ್ಲಿ ಹೂವಿನಂತೆ ಮಡಚಿಕೊಳ್ಳುತ್ತಿತ್ತು. ನಲ್ಲಿಯಲ್ಲಿ ನೀರು ಕೂಡ ಅವಳ ಸರದಿ ಬಂದಾಗಲೇ ಜೋರಾಗಿ ಬರುತ್ತಿತ್ತು, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅವಳ ಮೇಜಿನ ಕಡೆ ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಏಳುತ್ತಿದ್ದ ಉರಿಗೆ ಬಟ್ಟಿ ಇಳಿಸುವ ಪಾತ್ರೆ ಇಟ್ಟಿದ್ದರೆ ವಿಭಾಗಕ್ಕೆ ವರ್ಷದ ಗ್ಯಾಸು ಉಳಿಯುತ್ತಿತ್ತು.

ಆದರೆ ನನ್ನ ಬಳಿ ಅವಳಲ್ಲಿಲ್ಲದ ಒಂದು ಅಸ್ತ್ರವಿತ್ತು: ಗಡ್ಡ.

ಮೊದಲ ಪಾಠದ ದಿನವೇ ಪ್ರೊಫೆಸರರು ಹೇಳಿದ್ದರು: ಹರಳುಗಟ್ಟದ ಪಾಕಕ್ಕೆ ಅದೇ ವಸ್ತುವಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಬಿದ್ದರೂ ಸಾಕು, ಅದೇ ಬೀಜವಾಗಿ ಇಡೀ ಪಾಕ ಗಟ್ಟಿಯಾಗುತ್ತದೆ, ಹಿಂದಿನ ಕಾಲದ ರಸಾಯನಶಾಸ್ತ್ರಜ್ಞರ ಉದ್ದ ಗಡ್ಡದಲ್ಲಿ ವರ್ಷಗಟ್ಟಲೆಯ ಪುಡಿ ಸೇರಿರುತ್ತಿತ್ತಂತೆ, ಅವರು ಫ್ಲಾಸ್ಕಿನ ಮೇಲೆ ಬಾಗಿದರೆ ಸಾಕು, ಹರಳು ಬೀಳುತ್ತಿತ್ತಂತೆ. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಅಂದಿನಿಂದಲೇ ಕ್ಷೌರ ನಿಲ್ಲಿಸಿದೆ. ಬೆಳೆದದ್ದು ಎಂಥ ಗಡ್ಡವೆಂದರೆ, ಗುಬ್ಬಚ್ಚಿಗಳು ಹುಣಸೆಮರ ಬಿಟ್ಟು ನನ್ನ ಕಡೆ ಆಸೆಯಿಂದ ನೋಡುತ್ತಿದ್ದವು.

ಗಡ್ಡ ಬೆಳೆಯಿತು, ಪಾಕ ಪಾಕವಾಗಿಯೇ ಉಳಿಯಿತು. ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಮೈ ಕೆರೆಯುವುದು ಇನ್ನೊಂದು ಉಪಾಯ. ದಿನವಿಡೀ ಕೆರೆಯುತ್ತಿದ್ದೆ. ಕೈ ನನ್ನ ಫ್ಲಾಸ್ಕಿನಲ್ಲಿ, ಕಣ್ಣು ಮಾತ್ರ ಅವಳದರಲ್ಲಿ. ಅವಳದ್ದು ಮಸುಕಾಯಿತೇ? ತಳದಲ್ಲಿ ಏನಾದರೂ ಹೊಳೆಯಿತೇ? ಇಲ್ಲವೆಂದು ಖಾತ್ರಿಯಾದಾಗ ಸಮಾಧಾನದಿಂದ ಗಡ್ಡ ನೀವಿಕೊಳ್ಳುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬಂದು, ಅವಳಿನ್ನೂ ಬಾರದಿರುವಾಗ, ಅವಳ ಫ್ಲಾಸ್ಕಿನ ಮುಚ್ಚಳ ಎತ್ತಿ ಒಳಗೆ ಇಣುಕಿ, ಮತ್ತೆ ಮುಚ್ಚಿ ನನ್ನ ಜಾಗಕ್ಕೆ ಹೋಗುತ್ತಿದ್ದೆ. ಒಮ್ಮೆ ಸಿಕ್ಕಿಬಿದ್ದೆ.

"ಏನ್ರೀ, ನನ್ನ ಫ್ಲಾಸ್ಕಿನಾಗ ನಿಮ್ಮ ಮಾರಿ ಚಂದ ಕಾಣತದೇನ?" ಎಂದಳು ಬಾಗಿಲಲ್ಲಿ ನಿಂತು.

ಧೂಳು ಬೀಳದಂತೆ ಮುಚ್ಚಳ ಸರಿಮಾಡುತ್ತಿದ್ದೆ ಎಂದು ಹೇಳಿದೆ. ಅಷ್ಟು ಬೇಗ ಅಷ್ಟು ಒಳ್ಳೆಯ ಸುಳ್ಳು ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆಯೂ ಎಂದಿನಂತೆ ಇಣುಕಿ ನೋಡಿ ನನ್ನ ಸ್ಟೂಲಿನ ಮೇಲೆ ಕೂತಿದ್ದೆ. ನೀಲಗಂಗಾ ಬಂದು, ಸೆರಗು ಸಿಕ್ಕಿಸಿ, ಮುಚ್ಚಳ ತೆಗೆದು, ಕಡ್ಡಿ ಹಾಕಿ ಮೆಲ್ಲಗೆ ಒಮ್ಮೆ ಕೆರೆದಳು. ಪಾಕದ ನಡುವೆ ಬಿಳಿಯ ಚುಕ್ಕಿಯೊಂದು ಅರಳಿತು. ಅದರಿಂದ ಸೂಜಿಗಳು, ಸೂಜಿಗಳಿಂದ ಮತ್ತೆ ಸೂಜಿಗಳು. ನೋಡನೋಡುತ್ತಿದ್ದಂತೆ ಫ್ಲಾಸ್ಕಿನ ತುಂಬ ಮಂಜು ಕವಿದಂತಾಗಿ ಜೇನು ಬಣ್ಣ ಅಳಿಸಿಹೋಯಿತು. ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು. ಕುಣಿದಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಪ್ರೊಫೆಸರರು ಬಂದರು, ಫ್ಲಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಕಡೆ ಹೊರಟವರು ನನ್ನ ಮೇಜಿನ ಬಳಿ ಏಕೋ ನಿಂತರು. ನನ್ನ ಫ್ಲಾಸ್ಕಿನ ಕತ್ತಿನ ಒಳಗಡೆ, ಪಾಕದ ಮಟ್ಟಕ್ಕಿಂತ ಮೇಲೆ, ಉಪ್ಪಿನಂಥ ಬಿಳಿಯ ಉಂಗುರ ಕಟ್ಟಿತ್ತು.

"ಇದು ಯಾವಾಗ ಬಂತಪ್ಪಾ?"

ನಾನು ಅದನ್ನು ನೋಡುತ್ತಿದ್ದದ್ದು ಅದೇ ಮೊದಲು.

"ಒಣಗಿ ಪುಡಿ ಉದುರ್ತಾ ಇದೆ. ಬಂದು ಎಷ್ಟೋ ದಿನ ಆಗಿದೆ. ಒಂದು ಚೂರು ಕೆಳಕ್ಕೆ ತಳ್ಳಿದ್ರೆ ಸಾಕಿತ್ತಲ್ಲ," ಎನ್ನುತ್ತ ಅವರು ಕಡ್ಡಿಯಿಂದ ತಳ್ಳಿಯೇಬಿಟ್ಟರು. ನನ್ನ ಪಾಕದಲ್ಲೂ ಅದೇ ಚುಕ್ಕಿ, ಅದೇ ಸೂಜಿಗಳು, ಅದೇ ಮಂಜು. "ನೀವು ನೋಡ್ಲೇ ಇಲ್ವಾ?"

"ತಮ್ಮದು ನೋಡ್ಕೊಳ್ಳಾಕ ಅವರಿಗೆ ಪುರುಸೊತ್ತು ಎಲ್ಲಿತ್ತರಿ ಸರ್," ಎಂದಳು ನೀಲಗಂಗಾ. "ದಿನಾ ನನ್ನ ಫ್ಲಾಸ್ಕ ಕಾಯತಿದ್ರು."

ಪ್ರೊಫೆಸರರ ದೃಷ್ಟಿ ಫ್ಲಾಸ್ಕಿನಿಂದ ಬಿಳಿಯ ಪುಡಿ ಮೆತ್ತಿದ್ದ ನನ್ನ ಬೆರಳಿಗೆ, ಬೆರಳಿನಿಂದ ಗಡ್ಡಕ್ಕೆ ಏರಿತು. ಚಿಮಟ ತರಿಸಿದರು. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಮಗುವಿನ ಕಾಲಿನ ಮುಳ್ಳು ತೆಗೆಯುವಂತೆ ಗಡ್ಡದೊಳಗೆ ಹುಡುಕಿ, ಕೆಲವು ಬಿಳಿಯ ಕಣ ಆಯ್ದು ಒಂದು ಸಣ್ಣ ನಳಿಕೆಗೆ ಹಾಕಿದರು. ಇನ್ನೊಂದಕ್ಕೆ ಅವಳ ಹರಳು ಹಾಕಿದರು. ಎರಡನ್ನೂ ಒಟ್ಟಿಗೇ ಬಿಸಿ ಮಾಡಿದಾಗ ಎರಡೂ ಒಂದೇ ಕ್ಷಣದಲ್ಲಿ ಕರಗಿ ನೀರಾದವು. ಬೇರೆಬೇರೆ ವಸ್ತುವಾಗಿದ್ದರೆ ಹಾಗೆ ಜೊತೆಯಾಗಿ ಕರಗುತ್ತಿರಲಿಲ್ಲ. ಅವಳ ಫ್ಲಾಸ್ಕಿಗೆ ಬೀಜ ಬಿದ್ದದ್ದು ಇಣುಕುವಾಗ ನನ್ನ ಗಡ್ಡದಿಂದ, ಅದರಲ್ಲಿ ಸಂಶಯ ಉಳಿಯಲಿಲ್ಲ. ಪ್ರಪಂಚದ ಯಾವ ರಸಾಯನಶಾಸ್ತ್ರಜ್ಞನ ಗಡ್ಡಕ್ಕೂ ಕರಗುವ ಬಿಂದು ನೋಡಿದ್ದಿಲ್ಲ, ನನ್ನದಕ್ಕೆ ನೋಡಿದ್ದಾರೆ.

ನಾನು ಎದೆಯುಬ್ಬಿಸಿ, ಹಾಗಾದರೆ ಸೀಟು ಯಾರಿಗೆ ಎಂದು ಕೇಳಿದೆ. ಪ್ರೊಫೆಸರರು ನೀಲಗಂಗಾಳ ಮುಖ ನೋಡಿದರು. ಅವಳು ತನ್ನ ಫ್ಲಾಸ್ಕಿಗೆ ಮುಚ್ಚಳ ಹಾಕಿದಳು.

"ಅವರಿಗೇ ಕೊಡ್ರಿ ಸರ್," ಎಂದಳು. "ಬೀಜ ಅವರದು."

ನನ್ನ ಇಡೀ ಓದು, ಮನೆಯವರ ಕನಸು, ಊರಲ್ಲಿ ಮುಂಗಡವಾಗಿ ಕೊಚ್ಚಿಕೊಂಡ ಬಡಾಯಿ, ಎಲ್ಲದರ ಫಲ ಅಂಗೈಯಲ್ಲಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಅವಳನ್ನು ನೋಡಿ. ಬರ್ನರ್ ಅವಳ ಮಾತು ಕೇಳಿತು, ಕಾಗದ ಕೇಳಿತು, ನೀರು ಕೇಳಿತು, ಕಡೆಗೆ ನನ್ನ ಗಡ್ಡವೂ ಅವಳದೇ ಕೆಲಸ ಮಾಡಿತು. ಈಗ ಈ ದೊಡ್ಡತನವೂ ಅವಳ ಪಾಲಿಗೇ ಹೋಗುವುದೇ? ನಾಳೆಯಿಂದ ವಿಭಾಗದಲ್ಲೆಲ್ಲ, ಬಂದ ಸೀಟನ್ನು ಬಿಟ್ಟುಕೊಟ್ಟವಳು ಎಂದು ಅವಳನ್ನು, ಪಡೆದುಕೊಂಡವನು ಎಂದು ನನ್ನನ್ನು ತೋರಿಸುವುದೇ? ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಬೇಡ ಸರ್," ಎಂದೆ, ಮೂರು ಕಟ್ಟಡಗಳಾಚೆ ಕೇಳುವಂತೆ. "ಮೊದಲು ತೋರಿಸಿದವರು ಅವರು. ನಿಮ್ಮ ನಿಯಮ ನನ್ನಿಂದ ಮುರಿಯುವುದು ಬೇಡ."

ಪ್ರೊಫೆಸರರು ನನ್ನನ್ನು ಕ್ಷಣಕಾಲ ದಿಟ್ಟಿಸಿದರು. ಅವರಿಗೆ ಅರ್ಥವಾಗಿತ್ತೆಂದು ಈಗ ಅನಿಸುತ್ತದೆ. ಹಲಗೆಯ ಮೇಲೆ ಸಂಖ್ಯೆ ಬರೆದು ಪಕ್ಕದಲ್ಲಿ ನೀಲಗಂಗಾ ಎಂದು ಬರೆದರು.

ಮಧ್ಯಾಹ್ನ ನಲ್ಲಿಯ ಬಳಿ ಫ್ಲಾಸ್ಕು ತೊಳೆಯುತ್ತಿದ್ದಾಗ ಅವಳು ಪಕ್ಕದಲ್ಲಿ ಬಂದು ನಿಂತಳು. ನೀರು, ಹೇಳಬೇಕಾಗಿಲ್ಲ, ಜೋರಾಗಿ ಬಂತು.

"ನೀವು ಹೂಂ ಅಂದಿದ್ರ ನಾ ಅಲ್ಲೇ ಕುಂತು ಅತ್ತುಬಿಡತಿದ್ದೆ," ಎಂದಳು ನನ್ನತ್ತ ನೋಡದೆ. ಆಮೇಲೆ ಡಬ್ಬಿ ತೆರೆದು ಅರ್ಧ ರೊಟ್ಟಿ ಮುರಿದುಕೊಟ್ಟಳು. ಆ ಚಟ್ನಿಯ ರುಚಿಯ ಬಗೆಗೂ ನನಗೆ ಹೊಟ್ಟೆಕಿಚ್ಚಾಯಿತು.

ನಾನು ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ನನ್ನ ಪಾಠ ಕೇಳಲು ಕಿಟಕಿಯ ಹೊರಗೆ ದನಗಳೂ ನಿಲ್ಲುತ್ತಿದ್ದವು. ನಾವು ಮಾಡಿದ ಆ ವಸ್ತುವಿನಿಂದ ಯಾವ ಜ್ವರವೂ ಇಳಿಯಲಿಲ್ಲ. ಆದರೆ ನೀಲಗಂಗಾ ಅದರ ಬಾಲವನ್ನು ಬದಲಿಸುತ್ತ ಬದಲಿಸುತ್ತ ವರ್ಷಗಳ ಮೇಲೆ ಮಾಡಿದ ಇನ್ನೊಂದರಿಂದ ಇಳಿಯಿತು. ಈಗ ಅದು ಮಾತ್ರೆಯಾಗಿ ನಮ್ಮೂರ ಅಂಗಡಿಯಲ್ಲೂ ಸಿಗುತ್ತದೆ. ಚಳಿಜ್ವರ ಬಂದಾಗ ನಾನೂ ನುಂಗಿದ್ದೇನೆ. ಎರಡೇ ದಿನದಲ್ಲಿ ಗುಣವಾಯಿತು. ಇನ್ನೊಂದು ದಿನ ತಡವಾಗಿದ್ದರೆ ಸಂತೋಷವಾಗುತ್ತಿತ್ತು.

ಇಂದು ಬೆಳಿಗ್ಗೆ ಪತ್ರಿಕೆಯಲ್ಲಿ ಅವಳ ಚಿತ್ರ ಬಂದಿದೆ. ಶಾಲು, ಹಾರ, ತಲೆತುಂಬ ಬಿಳಿಗೂದಲು. ಭೂತಗನ್ನಡಿ ಹಿಡಿದು, ಅವಳ ಮುಖದಲ್ಲಿ ನನಗಿಂತ ಹೆಚ್ಚು ಸುಕ್ಕುಗಳಿವೆಯೇ ಎಂದು ಬಹಳ ಹೊತ್ತು ಹುಡುಕಿದೆ. ಕೆಮ್ಮು ಬಂತು. ಕಿಟಕಿಯ ಕಟ್ಟೆಯ ಮೇಲೆ ನಿತ್ಯ ಕಣ್ಣೆದುರಿಗೇ ಇರುವ ಜೇನಿನ ಶೀಶೆಗೆ ಕೈ ಹಾಕಿ ಬೆಳಕಿಗೆ ಹಿಡಿದೆ. ಊರು ಕಾಣಲಿಲ್ಲ. ತಳದಿಂದ ಕುತ್ತಿಗೆಯವರೆಗೆ ಜೇನೆಲ್ಲ ಬೆಳ್ಳಗೆ ಹರಳುಗಟ್ಟಿತ್ತು, ಯಾವಾಗಲೋ.